ಬೆಡಗಿನ ಊರಿನಲ್ಲಿ ಮಾವನವರು

ನಮ್ಮ ಮಾವನವರ ಬಲಗಿವಿಯ ಮಡಿಕೆಯಲ್ಲಿ ಯಾವಾಗಲೂ ಒಂದು ಅತ್ತರಿನ ಹತ್ತಿ ಇರುತ್ತಿತ್ತು. ಕಡಲೆಕಾಳಿನಷ್ಟು ದಪ್ಪದ, ಹಳದಿಗೆ ತಿರುಗಿದ ಹತ್ತಿ. ಬೆಳಿಗ್ಗೆ ಸ್ನಾನವಾದ ಮೇಲೆ, ಅಂಗಿಯ ಗುಂಡಿ ಹಾಕುವುದಕ್ಕೂ ಮೊದಲು, ಯಾದಗಿರಿಯಿಂದ ತರಿಸಿದ ಸಣ್ಣ ಸೀಸೆಯ ಮುಚ್ಚಳ ತೆಗೆದು ಹತ್ತಿಯನ್ನು ಅದ್ದಿ ಕಿವಿಗೆ ಸಿಗಿಸಿಕೊಳ್ಳುತ್ತಿದ್ದರು. ಅವರು ಹಾದುಹೋದ ಮೇಲೂ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಖಸ್ ವಾಸನೆ ನಿಂತಿರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಶೋಕಿ ಅಂದುಕೊಂಡಿದ್ದೆ. ಮುದುಕನಿಗೆ ನಿಜಾಮನ ಕಾಲದ ಗಾಳಿ ಇನ್ನೂ ಬಿಟ್ಟಿಲ್ಲ ಎಂದು ನನ್ನ ತವರು ಸೈದಾಪುರದಲ್ಲಿ ಎಲ್ಲರ ಮುಂದೆ ಹೇಳಿ ನಗಿಸಿದ್ದೆ. ಒಂದು ದಿನ ಅವರನ್ನೇ ಕೇಳಿದೆ.

"ಸಾಲ್ಯಾಗ ಮಾಸ್ತರು ನನ್ನ ಬಾಗಲ ಹೊರಗ ಕುಂದರಸ್ತಿದ್ರವ್ವಾ," ಎಂದರು. "ತೊಗಲ ವಾಸನಿ ಬರ್ತದ ಅಂತಿದ್ರು. ಆ ವಾಸನಿ ಹೋಗ್ಯಾದೊ ಇಲ್ಲೊ ನನಗ ಗೊತ್ತಾಗಂಗಿಲ್ಲ. ನಮ್ಮ ವಾಸನಿ ನಮಗ ಹ್ಯಾಂಗ ಗೊತ್ತಾಗಬೇಕು? ಅದಕ್ಕ ಇದು."

ಆಮೇಲೆ ನಾನು ಆ ಹತ್ತಿಯ ವಿಷಯ ಯಾರ ಮುಂದೆಯೂ ನಗಾಡಲಿಲ್ಲ.

ಅವರ ಅಪ್ಪ ಸುರಪುರದ ಕಡೆ, ಬೋನಾಳದ ಕೆರೆಯ ಹತ್ತಿರದ ಹಳ್ಳಿಯವರು. ತೊಗಲು ಹದ ಮಾಡುವುದು ಮನೆತನದ ಕಸುಬು. ಎತ್ತು ಹೂಡಿ ಬಾವಿಯಿಂದ ನೀರೆತ್ತಲು ತೊಗಲಿನ ದೊಡ್ಡ ಚೀಲ ಬೇಕಾಗುತ್ತಿತ್ತಲ್ಲ, ಕಪಲಿ, ಅದು ಅವರ ಕೈಯದೇ ಆಗಬೇಕೆಂದು ಸುತ್ತಲಿನ ಗೌಡರು ಹೇಳಿ ಕಳಿಸುತ್ತಿದ್ದರಂತೆ. ಅವರು ಹೊಲಿದ ಕಪಲಿಯಲ್ಲಿ ಬಂದ ನೀರನ್ನು ಊರೆಲ್ಲ ಕುಡಿಯುತ್ತಿತ್ತು. ಅವರು ಮಾತ್ರ ಆ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಇದನ್ನು ಹೇಳುವಾಗ ಮಾವನವರಿಗೆ ಸಿಟ್ಟು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಈಗಲೂ ಬರುತ್ತದೆ.

ಆಮೇಲೆ ಕೃಷ್ಣೆಯ ಕಾಲುವೆ ಬಂತು. ಎರೆಹೊಲಗಳು ಗದ್ದೆಗಳಾದವು, ಬಾವಿಗಳು ಹೂಳು ತುಂಬಿಕೊಂಡವು, ಕಪಲಿಯನ್ನು ಕೇಳುವವರು ಇಲ್ಲವಾದರು. ಮಾವನವರ ಅಪ್ಪ ತೊಗಲು ಹೆರೆಯುವ ಕತ್ತಿಯನ್ನು ಗುಜರಿಯವನಿಗೆ ಹಾಕಿ ಗೋಡೆಗೆ ಒರಗಿ ಕೂತುಬಿಟ್ಟರು. ಅದೇ ಕಾಲುವೆ ಮಗನಿಗೆ ನೌಕರಿ ಕೊಟ್ಟಿತು. ಮಾವನವರು ಭೀಮರಾಯನಗುಡಿಯ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದರು. ಶಹಾಪುರದಲ್ಲಿ ಮನೆ ಕಟ್ಟಿಸಿದರು.

ಕಾಲುವೆಯ ಸೀಮೆಯಲ್ಲಿ ಟೇಲ್‌ಎಂಡ್ ಎನ್ನುವ ಮಾತು ಕೂಸುಗಳಿಗೂ ಗೊತ್ತು. ಕಾಲುವೆಯ ಬಾಯಿಗೆ ಹೊಲ ಇದ್ದವನು ಭತ್ತ ಬೆಳೆಯುತ್ತಾನೆ, ಕೊನೆಗೆ ಹೊಲ ಇದ್ದವನು ನೀರು ಬಂತೇ ಎಂದು ಕಾಲುವೆಯೊಳಗೆ ಇಣುಕುತ್ತ ನಿಲ್ಲುತ್ತಾನೆ. ಮಾವನವರು ನೌಕರಿ ಇರುವಷ್ಟು ದಿನ ಈ ಟೇಲ್‌ಎಂಡಿನವರ ಬೈಗುಳ ಕೇಳುತ್ತ ಕಳೆದರು. ಆ ಮಾತು ಅವರ ನಾಲಿಗೆಗೂ ಹತ್ತಿಬಿಟ್ಟಿತ್ತು. ಬಡ್ತಿ ತಡವಾದಾಗಲೂ ಅದೇ, ಮದುವೆ ಊಟದಲ್ಲಿ ಅನ್ನದ ಪಾತ್ರೆ ಬರುವುದು ತಡವಾದಾಗಲೂ ಅದೇ. "ನಮ್ದು ಟೇಲ್‌ಎಂಡ್ ಅದಪಾ. ಬರ್ತದ, ತಡಿ."

ಅವರಿಗೆ ಗೆಳೆಯರಿರಲಿಲ್ಲ. ಆಫೀಸಿನಲ್ಲಿ ಸಾಹೇಬರೇ ಸಾಹೇಬರೇ ಎನ್ನುವವರು ಬಹಳ ಮಂದಿ ಇದ್ದರು. ಆದರೆ ಹಬ್ಬದ ದಿನ ಬಂದು ಒಂದು ತುತ್ತು ಉಂಡು, ಸಂಜೆವರೆಗೆ ಹಾಳು ಹರಟೆ ಹೊಡೆದು ಹೋಗುವ ಒಬ್ಬನೂ ಇರಲಿಲ್ಲ. ನಮ್ಮ ಅತ್ತೆ ಹೋದ ಮೇಲೆ ಇದು ಅವರನ್ನು ಬಹಳ ಕಾಡಿತು. ಒಮ್ಮೆ ಅವರೇ ಬಾಯಿಬಿಟ್ಟು ಹೇಳಿದ್ದರು: "ನಾ ಯಾರು ಅಂಬೋದು ಗೊತ್ತಿದ್ದೂ ಬಾಜು ಕುಂತು ಉಣ್ಣೋನು ಒಬ್ಬನ ಒಬ್ಬ ಸಿಕ್ಕರ ಸಾಕಿತ್ತವ್ವಾ." ಇಷ್ಟೇ ಅವರ ಆಸೆ. ಹೆಚ್ಚಿನದೇನೂ ಅಲ್ಲ.

ಇನ್ನೊಂದು ಆಸೆ ಜರ್ಮನಿಯದು. ಆಫೀಸಿನ ಗೋಡೆಯ ಮೇಲೆ ಯಾವುದೋ ಯಂತ್ರದ ಕಂಪನಿಯವರು ಕೊಟ್ಟ ಹಳೆಯ ಕ್ಯಾಲೆಂಡರ್ ಇತ್ತಂತೆ. ಅದರಲ್ಲಿ ನದಿಯ ದಂಡೆಯ ಒಂದು ಸಣ್ಣ ಊರು, ಬಿಳಿ ಗೋಡೆಗಳಲ್ಲಿ ಕರಿ ಮರದ ತೊಲೆಗಳನ್ನು ಅಡ್ಡಾದಿಡ್ಡಿ ಕೂಡಿಸಿದ ಮನೆಗಳು, ಕಿಟಕಿಗೊಂದೊಂದು ಹೂವಿನ ತೊಟ್ಟಿ. ವರ್ಷ ಮುಗಿದರೂ ಆ ಹಾಳೆಯನ್ನು ಅವರು ತೆಗೆಯಗೊಡಲಿಲ್ಲ. ನಿವೃತ್ತಿಯಾದ ಮೇಲೆ ಕಲಬುರಗಿಯ ಟೂರಿನವರ ಜಾಹೀರಾತು ನೋಡಿ, "ನಾ ಹೋಗಾಂವ. ನೀವಿಬ್ಬರೂ ಬರ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನಾನು ಶಾಲೆಯ ಮಾಸ್ತರಿಣಿ, ಬೇಸಿಗೆ ರಜೆ ಇತ್ತು. ನನ್ನ ಗಂಡ ರಜೆ ಹಾಕಿದ.

ಹೊರಡುವ ಹಿಂದಿನ ದಿನ ನನ್ನ ಗಂಡ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದ. "ಟೂರಿನ್ಯಾಗ ನಮ್ಮ ಕಡೀ ಮಂದಿನ ಬರಾಕತ್ತಾರ. ಎಲ್ಲಾ ದೊಡ್ಡ ಮನೆತನದವರು. ಏನರ ಕೇಳಿದ್ರ ಹಾರಿಕಿ ಉತ್ತರ ಕೊಡು ಅಪ್ಪಾ. ನೀನಾಗಿ ಏನೂ ಹೇಳಬ್ಯಾಡ."

"ಹೇಳಂಗಿಲ್ಲಪಾ," ಎಂದರು ಮಾವನವರು. "ಕೇಳಿದ್ರ ಸುಳ್ಳೂ ಹೇಳಂಗಿಲ್ಲ."

ನನ್ನ ಗಂಡ ಕಾಲೇಜಿನಲ್ಲಿರುವಾಗಲೇ ಅಡ್ಡಹೆಸರು ಬದಲಿಸಿಕೊಂಡವನು. ಅವನ ಭಯ ನನಗೂ ಗೊತ್ತು. ಆದರೆ ವಿಮಾನ ಹತ್ತಿ ಸಮುದ್ರ ದಾಟಿ ಹೋದರೂ ಆ ಭಯವನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಬೇಕೇ ಎಂದು ನನಗೆ ಅವತ್ತೇ ಸಂಕಟವಾಗಿತ್ತು.

ವಿಮಾನದಲ್ಲಿ ಮಾವನವರ ಪಕ್ಕಕ್ಕೆ ಶಹಾಪುರದವರೇ ಆದ ಒಬ್ಬ ಅಡತಿ ಸಾವುಕಾರರು ಸಿಕ್ಕರು. ಹತ್ತಿ, ತೊಗರಿ ವ್ಯಾಪಾರ, ಹಣೆಯ ತುಂಬ ವಿಭೂತಿ, ದೊಡ್ಡ ನಗು. ಮೊಣಕಾಲು ನೋವು ಬೇರೆ. ಅವರ ಹೆಂಡತಿ ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ತಂದಿದ್ದರು. ಎರಡು ದಿನ ಕಳೆಯುವುದರೊಳಗೆ ಸಾವುಕಾರರೂ ಮಾವನವರೂ ಕೂಡಿ ಆಡಿ ಬೆಳೆದವರಂತೆ ಆದರು. ಬಸ್ಸಿನಲ್ಲಿ ಒಂದೇ ಸೀಟು. ಸಾವುಕಾರರು ಮೆಟ್ಟಿಲು ಇಳಿಯುವಾಗ ಮಾವನವರ ಹೆಗಲು. ಮಧ್ಯಾಹ್ನ ಒಂದೇ ಕಾಗದದ ಮೇಲೆ ಇಬ್ಬರ ರೊಟ್ಟಿ. ಚೆಂಬಿಲ್ಲದ ಆ ದೇಶದ ಪಾಯಖಾನೆಗಳನ್ನು ಇಬ್ಬರೂ ಒಂದೇ ಬಾಯಿಯಿಂದ ಬೈದರು. ಸಾವುಕಾರರು ಮುಂದಾಲೋಚನೆಯಿಂದ ಒಂದು ಕೆಂಪು ಪ್ಲಾಸ್ಟಿಕ್ ಚೆಂಬು ತಂದಿದ್ದರು. ಅದು ದಿನಾ ಬೆಳಿಗ್ಗೆ ಅವರ ಕೋಣೆಯಿಂದ ಮಾವನವರ ಕೋಣೆಗೂ, ಅಲ್ಲಿಂದ ಮತ್ತೆ ಅವರ ಕೋಣೆಗೂ ಓಡಾಡುತ್ತಿತ್ತು. ಚೆಂಬು ಹಂಚಿಕೊಂಡ ಮೇಲೆ ಇನ್ನು ಮುಚ್ಚುಮರೆ ಏನು ಉಳಿಯಿತು ಎಂದು ನಾನು ನನ್ನ ಗಂಡನಿಗೆ ಹೇಳಿ ನಕ್ಕೆ. ಅವನು ನಗಲಿಲ್ಲ.

"ಊರಿಗಿ ಹೋದ ಮ್ಯಾಲ ನಮ್ಮನಿಗಿ ಬರಬೇಕ್ರಿ ಸಾಹೇಬ್ರ," ಎನ್ನುತ್ತಿದ್ದರು ಸಾವುಕಾರರು. "ಎಣ್ಣಿಹೋಳಿಗಿ ಮಾಡಸ್ತೀನಿ. ಇಬ್ಬರೂ ಕೂಡಿ ಉಣ್ಣೂಣು."

ಮಾವನವರ ಮುಖ ಆಗ ನೋಡಬೇಕಿತ್ತು. ಅಷ್ಟು ವರ್ಷ ಆ ಮನೆಯಲ್ಲಿದ್ದರೂ ಆ ಮುಖವನ್ನು ನಾನು ನೋಡಿರಲಿಲ್ಲ.

ಟೂರಿನವರು ಕೊಟ್ಟ ಹಾಳೆಯಲ್ಲಿ ಆ ದಿನದ ಕಾರ್ಯಕ್ರಮ ಹೀಗಿತ್ತು: 'ಜರ್ಮನಿಯ ಬೆಡಗಿನ ಪುಟ್ಟ ಊರಿನ ದರ್ಶನ'. ಬರೆದವನು ಬೆಂಗಳೂರಿನ ಕಡೆಯವನಿರಬೇಕು. ಅವನಿಗೆ ಬೆಡಗು ಎಂದರೆ ಚಂದ, ಸೊಬಗು. ನಮ್ಮ ಕಡೆ ಬೆಡಗು ಎಂದರೆ ಕುಲದೊಳಗಿನ ಬಳಿ, ಗೋತ್ರದ ಹಾಗೆ. ಹೆಣ್ಣು ಗಂಡು ನೋಡುವಾಗ ಮೊದಲು ಕೇಳುವುದು ಅದನ್ನೇ. ಬೆಡಗು ಒಂದೇ ಆದರೆ ಅಣ್ಣತಮ್ಮಂದಿರು, ಬೇರೆ ಆದರೆ ಬೀಗತನ. ಜಾತಿ ಯಾವುದು ಎಂದು ಮುಖದ ಮೇಲೆ ಕೇಳಲು ನಾಚಿಕೆಯಾದವರೂ ಇದನ್ನೇ ಕೇಳಿ ಕೆಲಸ ಮುಗಿಸಿಕೊಳ್ಳುತ್ತಾರೆ.

ಸಾವುಕಾರರು ಹಾಳೆ ಓದಿ ಬಸ್ಸೆಲ್ಲ ಕೇಳುವಂತೆ ನಕ್ಕರು. "ಬೆಡಗಿನ ಊರಂತ್ರೆಪಾ! ಯಾರ ಬೆಡಗೊ ಏನೊ. ಅಂದಂಗ ಸಾಹೇಬ್ರ, ನಿಮ್ಮ ಬೆಡಗು ಯಾವುದ್ರಿ? ಕೇಳೋದ ಮರ್ತಿದ್ದೆ."

ಹಿಂದಿನ ಸೀಟಿನಲ್ಲಿ ನನ್ನ ಗಂಡನ ಕೈ ನನ್ನ ಕೈಯನ್ನು ಹಿಡಿದುಕೊಂಡಿತು.

"ನಮ್ದು ಟೇಲ್‌ಎಂಡಿನ ಬೆಡಗ್ರಿ ಸಾವುಕಾರ್ರ," ಎಂದರು ಮಾವನವರು.

ಸಾವುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕು ಅವರ ತೊಡೆಗೆ ಹೊಡೆದರು. ಮಾತು ಅಲ್ಲಿಗೆ ಮುಗಿಯಿತು. ಸುಳ್ಳನ್ನೂ ಹೇಳಿರಲಿಲ್ಲ, ಹೇಳಬಾರದ್ದನ್ನೂ ಹೇಳಿರಲಿಲ್ಲ.

ಊರು ಕ್ಯಾಲೆಂಡರಿನಲ್ಲಿ ಇದ್ದಂತೆಯೇ ಇತ್ತು. ಸುತ್ತಲೂ ಗೋಡೆ, ಗೋಡೆಗೆ ಅಗಸಿ ಬಾಗಿಲು. ಸುರಪುರ ನೋಡಿದವರಿಗೆ ಕೋಟೆ, ಅಗಸಿ ಹೊಸವಲ್ಲ. ಆದರೆ ಇಲ್ಲಿ ಅಗಸಿಯ ಮೇಲೆ ಹೂವಿನ ಕುಂಡ ಇಟ್ಟಿದ್ದರು, ಮೂಲೆಯಲ್ಲಿ ಯಾರೂ ಉಚ್ಚೆ ಹೊಯ್ದಿರಲಿಲ್ಲ. ಕಲ್ಲು ಹಾಸಿದ ಓಣಿಗಳು, ಒಂದರ ಮೈಗೆ ಒಂದು ಒರಗಿದ ಮನೆಗಳು, ಎತ್ತರದ ಚರ್ಚು, ನಡುವೆ ಒಂದು ಹಳೆಯ ಬಾವಿ. ನಮ್ಮ ಬಸ್ಸಿನವರು ಇಳಿದವರೇ ಪಾಯಖಾನೆ ಹುಡುಕಿದರು, ಆಮೇಲೆ ಬಾವಿಯ ಮುಂದೆ ನಿಂತು ಫೋಟೊ, ಆಮೇಲೆ ಗಡಿಯಾರದ ಅಂಗಡಿ. ಊರು ತೋರಿಸಲು ಅಲ್ಲಿನವಳೇ ಆದ ಒಬ್ಬ ಹೆಂಗಸು ಕೈಯಲ್ಲಿ ಹಳದಿ ಕೊಡೆ ಎತ್ತಿ ಹಿಡಿದುಕೊಂಡು ಮುಂದೆ ನಡೆದಳು. ಅವಳ ಇಂಗ್ಲಿಷನ್ನು ನಾನು ಮಾವನವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಇದು ರಾಜನ ಮನೆ, ಇದು ಧಾನ್ಯದ ಉಗ್ರಾಣ, ಇದು ಪಾದ್ರಿಯ ಮನೆ.

ಮಾವನವರು ಎಲ್ಲದಕ್ಕೂ ಹೂಂ ಎಂದರು. ಕೊನೆಗೆ ನಿಂತರು. "ಆಕೀಗಿ ಒಂದು ಕೇಳವ್ವಾ. ಇಷ್ಟ ಚಂದ ಊರದ. ಈ ಊರಾಗ ಸತ್ತ ದನಾ ಯಾರು ಎಳೀತಿದ್ರು? ಅವರ ಮನಿ ಎಲ್ಲಿದ್ವು?"

ನಾನು ಸಾವುಕಾರರ ಕಡೆ ಒಮ್ಮೆ ನೋಡಿ, ಮಾತನ್ನು ನಯ ಮಾಡಿ, ತೊಗಲಿನ ಕೆಲಸದವರು ಎಲ್ಲಿರುತ್ತಿದ್ದರು ಎಂದು ಕೇಳಿದೆ. ಆ ಹೆಂಗಸಿಗೆ ಹಿಗ್ಗೋ ಹಿಗ್ಗು. ಊರಿನ ಎಲ್ಲಕ್ಕಿಂತ ಚಂದದ ಓಣಿಯೇ ಅದು, ಬನ್ನಿ ಎಂದಳು.

ಓಣಿ ಊರಿನ ಇಳುಕಲಿಗೆ ಇತ್ತು. ಒಂದು ಸಣ್ಣ ಹೊಳೆ, ಅದರ ದಂಡೆಗೆ ಮನೆಗಳ ಸಾಲು. ಪ್ರತಿ ಮನೆಯ ಮೇಲೂ ಗೋಡೆಯಿಲ್ಲದ ಮರದ ಅಟ್ಟ, ತೊಗಲು ಒಣಹಾಕುವುದಕ್ಕೆ. ವಾಸನೆ ಊರೊಳಗೆ ಬರಬಾರದೆಂದು, ಹೊಲಸು ನೀರು ಮೇಲಿನವರಿಗೆ ಸಿಗಬಾರದೆಂದು ಇವರನ್ನು ಹೊಳೆಯ ಕೆಳತುದಿಯಲ್ಲಿ ಇಟ್ಟಿದ್ದರು ಎಂದಳು. ನಾನು ಹೇಳಿ ಮುಗಿಸುವ ಮೊದಲೇ ಮಾವನವರು, "ಟೇಲ್‌ಎಂಡ್!" ಎಂದು ಗಟ್ಟಿಯಾಗಿ ಕೂಗಿದರು. ಆಮೇಲೆ ಒಂದು ಮನೆಯ ಗೋಡೆಯ ತೊಲೆಗೆ ಮೂಗು ಹಚ್ಚಿ ಮೂಸಿದರು. "ಏನೂ ಇಲ್ಲ. ಪೂರಾ ಹೋಗ್ಯಾದ" ಎಂದರು. ಖುಷಿಯೋ ಬೇಸರವೋ ನನಗೆ ತಿಳಿಯಲಿಲ್ಲ.

ಕೊನೆಯ ಮನೆ ಈಗ ಹೋಟೆಲು. ಬಾಗಿಲ ಮೇಲೆ ಕಬ್ಬಿಣದ ಫಲಕ. ಫಲಕದಲ್ಲಿ ಎರಡೂ ತುದಿಗೆ ಹಿಡಿ ಇರುವ ಬಾಗಿದ ಕತ್ತಿಗಳು, ಒಂದರ ಮೇಲೊಂದು ಅಡ್ಡ, ಬಂಗಾರದ ಬಣ್ಣ ಬಳಿದದ್ದು. ಮಾವನವರು ಅದನ್ನು ನೋಡಿದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು.

"ನಮ್ಮಪ್ಪನ ಕತ್ತಿ ನೋಡವ್ವಾ! ಇದ! ಇದರಲೇನ ತೊಗಲ ಹೆರೀತಿದ್ದ!"

ಕೊಡೆಯವಳು ಹೇಳುತ್ತಿದ್ದಳು: ಈ ಜನ ಆಮೇಲೆ ಶ್ರೀಮಂತರಾದರು, ಊರಿನ ಪಂಚರ ಸಾಲಿನಲ್ಲಿ ಕೂತರು, ಈ ಮನೆ ಇವತ್ತಿಗೂ ಅದೇ ಮನೆತನದ್ದು, ಬಾಗಿಲಲ್ಲಿ ನಿಂತಿದ್ದಾರಲ್ಲ, ಅವರೇ ಯಜಮಾನರು. ಯಜಮಾನ ಮಾವನವರ ವಯಸ್ಸಿನವನೇ. ಬಿಳಿ ಮೀಸೆ, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಪಿಂಗಾಣಿ ತಟ್ಟೆಗಳು. ನಾನು ಹಿಡಿಯಬೇಕು ಎನ್ನುವಷ್ಟರಲ್ಲಿ ಮಾವನವರು ಓಡಿದಂತೆಯೇ ಹೋಗಿ ಅವನ ಎರಡೂ ಮೊಣಕೈ ಹಿಡಿದುಕೊಂಡರು.

"ಸೇಮ್ ಕಾಸ್ಟ್, ಸರ್! ಯೂ, ಮೀ, ಸೇಮ್ ಕಾಸ್ಟ್!" ಅವನು ಕಣ್ಣು ಪಿಳಿಪಿಳಿ ಬಿಟ್ಟ. ಮಾವನವರು ನನ್ನ ಕಡೆ ತಿರುಗಿ ಇಡೀ ಓಣಿಗೆ ಕೇಳುವಂತೆ ಹೇಳಿದರು: "ಬೆಡಗು ಯಾವುದಂತ ಕೇಳವ್ವಾ ಇವರ್ದು! ನಮ್ದ ಆದ್ರ ಅಣತಮ್ಮರಾದ್ವಿ. ಬ್ಯಾರೆ ಆದ್ರ ಬೀಗತನಾ ಮಾಡೂಣು!"

ಬೆಡಗಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ನನಗೆ ಗೊತ್ತಿರಲಿಲ್ಲ. ಇವರ ತಂದೆಯೂ ನಿಮ್ಮ ಹಿರಿಯರ ಕೆಲಸವನ್ನೇ ಮಾಡುತ್ತಿದ್ದರು, ನಿಮ್ಮ ಮನೆತನದ ಹೆಸರು ಕೇಳುತ್ತಿದ್ದಾರೆ ಎಂದೆ. ಆತ ಹೇಳಿದ. ಆ ಹೆಸರಿನ ಅರ್ಥವೇ ತೊಗಲು ಹದ ಮಾಡುವವನು ಎಂದು ಕೊಡೆಯವಳು ತಿಳಿಸಿದಳು.

"ಹೆಸರಿನ್ಯಾಗ ಇಟ್ಕೊಂಡಾನ?" ಎಂದರು ಮಾವನವರು. ದನಿ ಒಮ್ಮೆಲೇ ಸಣ್ಣದಾಗಿತ್ತು. "ಎಲ್ಲಾರೂ ಹಂಗ ಕರೀತಾರ?"

ಯಜಮಾನ ತಟ್ಟೆಗಳನ್ನು ಕೆಳಗಿಟ್ಟು ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಗೋಡೆಯ ಮೇಲೆ ತೂಗುಹಾಕಿದ್ದ ಅಜ್ಜನ ಕಾಲದ ಕತ್ತಿಯನ್ನು ಇಳಿಸಿ ಕೈಗೆ ಕೊಟ್ಟ. ಮಾವನವರು ಅದನ್ನು ಕಣ್ಣಿಗೆ ಒತ್ತಿಕೊಂಡರು. ಒಂದು ಬೆಂಚಿನ ಮೇಲೆ ಬಾಗಿ, ಅಪ್ಪ ಹೇಗೆ ಹೆರೆಯುತ್ತಿದ್ದರು ಎಂದು ಮಾಡಿ ತೋರಿಸಿದರು. ಯಜಮಾನ ಹೆಂಡತಿಯನ್ನು ಕೂಗಿ ಕರೆದ. ಊಟಕ್ಕೆ ಕೂತಿದ್ದ ಯಾರೋ ಚಪ್ಪಾಳೆ ತಟ್ಟಿದರು. ಸೇಬಿನ ರಸ ಬಂತು. ಇಬ್ಬರು ಮುದುಕರೂ ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲದೆ ಒಬ್ಬರ ಭುಜ ಒಬ್ಬರು ಬಡಿಯುತ್ತ ನಿಂತರು.

ನಾನು ಬಾಗಿಲ ಕಡೆ ನೋಡಿದೆ. ನಮ್ಮ ಬಸ್ಸಿನವರೆಲ್ಲ ಹೊರಗೆ ನಿಂತಿದ್ದರು. ಒಬ್ಬರೂ ಫೋಟೊ ತೆಗೆಯುತ್ತಿರಲಿಲ್ಲ. ಸಾವುಕಾರರು ಹೊಳೆಯ ನೀರನ್ನು ನೋಡುತ್ತಿದ್ದರು. ನನ್ನ ಗಂಡ ಎಲ್ಲಿಯೂ ಕಾಣಲಿಲ್ಲ, ಆಗಲೇ ಬಸ್ಸಿನಲ್ಲಿ ಹೋಗಿ ಕೂತಿದ್ದ.

ನಾವು ಬಸ್ಸು ಹತ್ತಿದಾಗ ಸಾವುಕಾರರು ಮುಂದಿನ ಸೀಟಿನಲ್ಲಿದ್ದರು.

"ಇಲ್ಲಿ ಗಾಳಿ ಛಲೋ ಬರ್ತದ್ರಿ," ಎಂದರು, ಮಾವನವರ ಮುಖ ನೋಡದೆ.

ಅದು ಏಸಿ ಬಸ್ಸು. ಅದರ ಕಿಟಕಿಗಳು ತೆರೆಯುತ್ತಲೇ ಇರಲಿಲ್ಲ.

ಮಾವನವರು ಹೋಗಿ ತಮ್ಮ ಸೀಟಿನಲ್ಲಿ ಕೂತರು. ಪಕ್ಕದ ಜಾಗದಲ್ಲಿ ಟೋಪಿ ಇಟ್ಟರು, ಸ್ವಲ್ಪ ಹೊತ್ತಾದ ಮೇಲೆ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು, ಯಾರಾದರೂ ಬಂದು ಕೂತರೆ ಇರಲಿ ಎಂದು. ಸಾವುಕಾರರ ಹೆಂಡತಿ ಸಾಲಿನಿಂದ ಸಾಲಿಗೆ ರೊಟ್ಟಿ ಕೊಡುತ್ತ ಬಂದವರು ನಮ್ಮ ಸಾಲಿಗೆ ಬಂದಾಗ, "ಮುಗದ್ವು ನೋಡ್ರವಾ" ಎಂದು ಚೀಲದ ಬಾಯಿ ಮಡಚಿದರು. ಅವರು ನಮ್ಮನ್ನು ದಾಟಿ ಹೋದ ಮೇಲೆ ಹಿಂದಿನ ಸಾಲಿನಲ್ಲಿ ರೊಟ್ಟಿ ಮುರಿಯುವ ಸಪ್ಪಳ ನನಗೆ ಕೇಳಿತು. ಎದ್ದು ನಿಂತು ಏನಾದರೂ ಅನ್ನೋಣ ಎಂದು ಬಾಯಿ ತೆರೆದೆ. ಮಾವನವರು ತಲೆ ಅಲ್ಲಾಡಿಸಿ ಬೇಡ ಎಂದರು.

ಆ ರಾತ್ರಿ ಹೋಟೆಲಿನಲ್ಲಿ, ಮಾವನವರ ಕೋಣೆಯ ಕಪಾಟಿನಲ್ಲಿ ಆ ಕೆಂಪು ಚೆಂಬು ಉಳಿದಿತ್ತು. ವಾಪಸು ಕೊಡಲು ಹೋದಾಗ ಸಾವುಕಾರರು ಬಾಗಿಲನ್ನು ಅರ್ಧ ಮಾತ್ರ ತೆರೆದರಂತೆ. "ಇರ್ಲಿ ಬಿಡ್ರಿ, ನೀವ ಇಟ್ಕೊಳ್ರಿ. ನಮಗ ಹ್ಯಾಂಗರ ನಡೀತದ." ಆ ದೇಶದಲ್ಲಿ ಇನ್ನೊಂದು ಚೆಂಬು ಎಲ್ಲಿಂದ ಬರಬೇಕು? ತಿಕ ತೊಳೆಯುವ ಚೆಂಬಿಗೂ ಮೈಲಿಗೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಯುರೋಪಿಗೆ ಹೋದ ಮೇಲೆ.

ಕೋಣೆಗೆ ಬಂದ ನನ್ನ ಗಂಡ ಅಪ್ಪನ ಮೇಲೆ ಹರಿಹಾಯ್ದ. "ಇಡೀ ಬಸ್ಸಿನ ಮುಂದ ಮಾನ ತಗದ್ಯಲ್ಲಪಾ! ನಾಳಿ ಶಹಾಪುರದ ತುಂಬಾ ಇದ ಮಾತಾಗ್ತದ. ನಿನಗ ಯಾರರ ಕೇಳಿದ್ರೇನು?"

ಮಾವನವರು ಮಂಚದ ಅಂಚಿಗೆ ಕೂತು ಬೂಟಿನ ಲಾಡಿ ಬಿಚ್ಚುತ್ತಿದ್ದರು. "ಅಂವಾ ಬಾಗಲಿಗಿ ಬೋರ್ಡ ಹಾಕ್ಯಾನೋ ತಮ್ಮಾ," ಎಂದರು. "ನಾ ಬರೇ ಬಾಯಿಲೆ ಹೇಳೀನಿ."

ನನ್ನ ಗಂಡ ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮರುದಿನ ಬೆಳಿಗ್ಗೆ ಮಾವನವರು ತಿಂಡಿಗೆ ಇಳಿದು ಬಂದಾಗ ಎರಡೂ ಕಿವಿಗಳಲ್ಲಿ ಅತ್ತರಿನ ಹತ್ತಿ ಇತ್ತು.

ಊರಿಗೆ ಬಂದ ಮೇಲೆಯೂ ಅವರು ಎಣ್ಣೆಹೋಳಿಗೆಯ ಊಟಕ್ಕೆ ಕಾದರು ಎಂದರೆ ನೀವು ನಂಬಲಿಕ್ಕಿಲ್ಲ. ಸಾವುಕಾರರು ಬಸ್ಸಿನ ಮಂದಿಯ ಎದುರು ಸಂಕೋಚ ಪಟ್ಟಿರಬೇಕು, ಆ ದೇಶದಲ್ಲಿ ಮೊಣಕಾಲು ನೋವಿನಿಂದ ಸಿಡಿಮಿಡಿಯಾಗಿದ್ದಿರಬೇಕು, ಹೀಗೆ ತಾವೇ ಅವರ ಪರ ವಕೀಲಿ ಮಾಡುತ್ತಿದ್ದರು. ಒಂದು ದಿನ ಟೂರಿನವರು ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ಫೋಟೊಗಳು ಬಂದವು. ಸಾವುಕಾರರ ಮನೆಯ ಪಡಸಾಲೆ, ಸಾಲಾಗಿ ಎಲೆಗಳು, ಎಲೆಗಳ ಮುಂದೆ ನಮ್ಮ ಬಸ್ಸಿನವರೆಲ್ಲ. ಕೆಳಗೆ ಯಾರೋ ಬರೆದಿದ್ದರು, 'ಯುರೋಪ್ ಕುಟುಂಬದ ಪುನರ್ಮಿಲನ' ಎಂದು. ನಾವು ಅದೇ ಊರಿನಲ್ಲಿ, ಎರಡು ಓಣಿ ಆಚೆ ಇದ್ದೆವು.

ಮಾವನವರು ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಆಮೇಲೆ, "ಅವರ್ದೂ ನಂದೂ ಕೂಡಿ ತಗದ ಒಂದು ಫೋಟೊ ಅದ. ಅದನ್ನ ಕೊಟ್ಟು ಬರೂಣು ನಡೀವ್ವಾ" ಎಂದರು. ಟೂರಿನಲ್ಲಿ ನದಿಯ ಹಡಗಿನ ಮೇಲೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಫೋಟೊ. ಆ ಬೆಡಗಿನ ಊರಿಗೆ ಹೋಗುವ ಹಿಂದಿನ ದಿನದ್ದು. ಪ್ರತಿ ತೆಗೆಸಿ ಕಟ್ಟು ಹಾಕಿಸಿದ್ದರು. ಬೇಡ ಮಾವಾರ ಎಂದು ನಾನು ಎಷ್ಟು ಹೇಳಿದರೂ ಕೇಳದೆ ಸ್ಕೂಟಿಯ ಹಿಂದೆ ಹತ್ತಿ ಕೂತರು.

ಅಡತಿ ಅಂಗಡಿಯಲ್ಲಿ ಸಾವುಕಾರರು ಎದ್ದು ನಿಂತು ಕೈಮುಗಿದರು. ಮರ್ಯಾದೆಗೆ ಏನೂ ಕಡಿಮೆಯಿಲ್ಲ. "ಬರ್ರಿ ಸಾಹೇಬ್ರ, ಕುಂದರ್ರಿ. ಆರಾಮದೀರಿಲ್ಲೊ?" ಫೋಟೊ ತೆಗೆದುಕೊಂಡು, ನೋಡಿ, ತೊಗರಿ ಚೀಲದ ಮೇಲೆ ಬೋರಲಾಗಿ ಇಟ್ಟರು. ಚಹಾ ತರಿಸಿದರು. ಅಲ್ಲಿದ್ದ ರೈತರಿಗೆ, ಮುನೀಮನಿಗೆ, ತಮಗೆ ಗಾಜಿನ ಗ್ಲಾಸು. ನಮ್ಮಿಬ್ಬರಿಗೆ ಮಾತ್ರ ಕಾಗದದ ಕಪ್ಪು.

ನಾನು ಕುಡಿಯಲಿಲ್ಲ. ಮಾವನವರು ಪೂರ್ತಿ ಕುಡಿದು, ಕಪ್ಪನ್ನು ಮಡಚಿ, ಎಲ್ಲಿ ಒಗೆಯಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ನಾನು ಸ್ಕೂಟಿಯ ಸ್ಟ್ಯಾಂಡನ್ನು ಸಿಟ್ಟಿನಿಂದ ಒದ್ದೆ.

"ಯಾಕ ಸಿಟ್ಟಾಗತಿವ್ವಾ," ಎಂದರು. "ಜರ್ಮನ್ಯಾಗ ಎಲ್ಲಾರೂ ಕಾಗದದ ಕಪ್ಪಿನ್ಯಾಗ ಕುಡೀತಿದ್ರಲ್ಲ. ಅಲ್ಲಿ ಹೋಗಿಬಂದ ಮಂದಿ ನಾವು."

ನಗಿಸಲೆಂದು ಹೇಳಿದ್ದು. ನಗು ಇಬ್ಬರಿಗೂ ಬರಲಿಲ್ಲ. ಆಮೇಲೆ ಅವರು ಸಾವುಕಾರರ ಮಾತು ಎತ್ತಲಿಲ್ಲ. ಜರ್ಮನಿಯ ಯಜಮಾನನ ಮಾತು ಮಾತ್ರ ಆಗಾಗ ಬರುತ್ತಿತ್ತು. ಬೀಗರು ಎಂದೇ ಕರೆಯುತ್ತಿದ್ದರು. "ನಮ್ಮ ಬೀಗರ ಊರಾಗ ಈಗ ಥಂಡಿ ಬಾಳ ಇರಬೇಕು," ಎನ್ನುವರು. ನನ್ನ ಗಂಡ ಎದ್ದು ಹೊರಗೆ ಹೋಗುವನು.

ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿಕೊಂಡು ಮಲಗಿದವರು ಏಳಲಿಲ್ಲ. ಕಲಬುರಗಿಯ ಆಸ್ಪತ್ರೆಗೆ ಒಯ್ದು ಮನೆಗೆ ಕರೆದುಕೊಂಡು ಬಂದ ಮೇಲೆ, ಒಂದು ಬೆಳಿಗ್ಗೆ, ನಾನು ಗಂಜಿ ಕುಡಿಸುತ್ತಿರುವಾಗಲೇ ಹೋದರು. ಬೋನಾಳದ ಕಡೆಯಿಂದ ನಮ್ಮ ಮಂದಿ ಬರುವವರೆಗೆ ಪಡಸಾಲೆಯಲ್ಲಿ ಮಲಗಿಸಿದ್ದೆವು.

ಸಾವುಕಾರರು ಕಾರಿನಲ್ಲಿ ಬಂದರು. ಗೇಟಿನ ಹೊರಗೆ ನಿಂತರು, ಚಪ್ಪಲಿ ಬಿಡಲಿಲ್ಲ. ಕೈಯಲ್ಲಿ ದೊಡ್ಡ ಹಾರ ಇತ್ತು. ಅದನ್ನು ನನ್ನ ಗಂಡನ ಕೈಗೆ ಕೊಟ್ಟು, "ನನ್ನ ಹೆಸರಲೆ ನೀವ ಹಾಕಿಬಿಡ್ರಿ" ಎಂದರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ನಾನು ಇಲ್ಲವೆನ್ನಲಾರೆ.

"ಛಲೋ ಮನಷಾ ಇದ್ರು," ಎಂದರು. "ನನಗ ಅಂಥಾ ದೋಸ್ತ ಮತ್ತ ಸಿಗಲಿಲ್ಲ. ಅವತ್ತ ಅಲ್ಲಿ ಅವರು ಹಂಗ ಹೇಳಬಾರದಿತ್ತು ನೋಡ್ರಿ. ಸುಮ್ಮ ಇದ್ದಿದ್ರ ಏನೂ ಆಗ್ತಿರಲಿಲ್ಲ."

ನನ್ನ ಗಂಡ ತಲೆ ತಗ್ಗಿಸಿ ಹೌದ್ರಿ ಎಂದ. ನನಗೆ ತಡೆಯಲಾಗಲಿಲ್ಲ.

"ಅವರು ನಿಮಗ ಹೇಳಿರಲಿಲ್ರಿ ಸಾವುಕಾರ್ರ," ಎಂದೆ. "ಆ ಜರ್ಮನಿಯವರಿಗಿ ಹೇಳಿದ್ರು. ನೀವು ನಡುವ ಕೇಳಿಸ್ಕೊಂಡ್ರಿ."

ಸಾವುಕಾರರು ತಿರುಗಿ ಕಾರು ಹತ್ತಿದರು. ಆಗ ನನ್ನ ಗಂಡ ಬರಿಗಾಲಲ್ಲಿ ಕಾರಿನ ಹಿಂದೆ ಓಡಿದ. ಕಿಟಕಿಗೆ ಬಾಗಿ, ಹಾರ ಹಿಡಿದ ಕೈಯಿಂದಲೇ ಕೈಮುಗಿದು ಹೇಳಿದ್ದು ಗೇಟಿನಲ್ಲಿ ನಿಂತ ನನಗೂ ಕೇಳಿಸಿತು. "ಆಕಿ ಮಾತು ಮನಸಿಗಿ ಹಚ್ಕೋಬ್ಯಾಡ್ರಿ ಸಾವುಕಾರ್ರ. ಹೇಳಬ್ಯಾಡ ಅಂತ ನಾನೂ ಅಪ್ಪಗ ಬಡಕೊಂಡಿದ್ದೆ."

ಕಾರು ಹೋಯಿತು. ಅವನು ಹಾರ ಹಿಡಿದು ಒಳಗೆ ಬಂದ. ನಾನು ಪಡಸಾಲೆಯ ಬಾಗಿಲಲ್ಲಿ ಅಡ್ಡ ನಿಂತೆ. ಬಂದ ಮಂದಿ ನೋಡುತ್ತಿದ್ದರು, ಅವನು ಹಲ್ಲು ಕಚ್ಚಿ ಪಕ್ಕಕ್ಕೆ ಸರಿ ಎಂದ. ನಾನು ಸರಿಯಲಿಲ್ಲ. ತನ್ನ ಬಾಜು ಕೂತು ಉಣ್ಣಲು ಒಬ್ಬನನ್ನು ಹುಡುಕಿ ಹುಡುಕಿ ಸಾಕಾದ ಮನುಷ್ಯನ ಕೊರಳಿಗೆ ಗೇಟಿನಾಚೆಯಿಂದ ಬಂದ ಹಾರ ಬೀಳಗೊಡುವುದಿಲ್ಲ ಎಂದೆ. ಕೊನೆಗೆ ಅವನು ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದ. ಇವತ್ತಿಗೂ ಆ ವಿಷಯಕ್ಕೆ ನನ್ನೊಡನೆ ಅವನ ಮಾತು ಸರಿಯಿಲ್ಲ. ಮಾವನವರಿಗಾಗಿ ನಾನು ಮಾಡಿದ್ದು ಅದೊಂದೇ.